ನಿವೃತ್ತ ಜೀವನ: ದಿನಚರಿ ಮತ್ತು ಧನ್ಯತೆ

‘ನಿವೃತ್ತಿ’ ಎಂಬುದು ಹಳೆಯ ಶಬ್ದ. ಅದಕ್ಕೆ ಇಂದು ರೂಢಿಯಲ್ಲಿರುವ ಅರ್ಥ ಮಾತ್ರ ಹೊಸದು. ಶಾಸ್ತ್ರಗ್ರಂಥಗಳಲ್ಲಿ ಪ್ರವೃತ್ತಿ, ನಿವೃತ್ತಿ ಎಂಬಿವು ಜೋಡಿಪದಗಳು. ಲೋಕವ್ಯವಹಾರದಲ್ಲಿ ತೊಡಗುವುದು ಪ್ರವೃತ್ತಿ. ಅದರಿಂದ ಮನಸ್ಸನ್ನು ಹಿಂದೆಗೆಯುವುದು ನಿವೃತ್ತಿ. ಅಲ್ಲಿ ಅದು ಸಾಧಕನು ತಾನಾಗಿ ಬಯಸಿ, ಬಹುಕಾಲದ ಅಭ್ಯಾಸದಿಂದ ಪಡೆದುಕೊಳ್ಳುವ ಸ್ಥಿತಿ. ಸರಕಾರಿ ಆಜ್ಞೆಗಳಲ್ಲಿ ಕಾಣುವ ‘ವಯೋನಿವೃತ್ತಿ’ ಹಾಗಲ್ಲ. ಬಯಸಿದರೂ ಬಯಸದಿದ್ದರೂ ಅದು ಗೊತ್ತಾದ ದಿನದಂದು ಬರುತ್ತದೆ. ಹಿಂದೆ ಮಕ್ಕಳನ್ನು ಶಾಲೆಗೆ ಸೇರಿಸುವಾಗ ಹುಟ್ಟಿದ ದಿನ ಸರಿಯಾಗಿ ತಿಳಿಯದೆ ಜೂನ್ ತಿಂಗಳ ಒಂದನೆಯ ತಾರೀಖೆಂದು ಬರೆಸುವ ವಾಡಿಕೆ ಇತ್ತು. ಹಾಗೆ ಬರೆಸಿಕೊಂಡವರೆಲ್ಲ ಅರವತ್ತು ತುಂಬುವ ವರ್ಷದ ಮೇ ೩೧ರ ಸಂಜೆ ಹಾರ, ಶಾಲು, ಫಲತಾಂಬೂಲಗಳೊಡನೆ ಮನೆಗೆ ಮರಳುತ್ತಾರೆ. ಮರುದಿನ ಬೆಳಿಗ್ಗೆ ಎಂದಿನ ಹೊತ್ತಿಗೇ ಎಚ್ಚರವಾಗುತ್ತದೆ. ಆದರೆ ಎದ್ದು ಮಾಡುವುದೇನು ಎಂಬುದಕ್ಕೆ ಉತ್ತರವಿರುವುದಿಲ್ಲ. ನಿವೃತ್ತ ಜೀವನದ ಸಮಸ್ಯೆ ಪ್ರಾರಂಭವಾಗುವುದು ಆ ಬೆಳಿಗ್ಗೆಯಿಂದ.

ಗೊತ್ತಾದ ವಯಸ್ಸಿಗೆ ಕೆಲಸದಿಂದ ಬಿಡುಗಡೆ ಹೊಂದುವ ಪದ್ಧತಿ ಪ್ರಾಚೀನವಾದುದಲ್ಲ. ಒಕ್ಕಲಿಗನಿಗೂ ಕಮ್ಮಾರನಿಗೂ ನೇಕಾರನಿಗೂ ಇಂಥ ದಿನಾಂಕವಿರಲಿಲ್ಲ, ಇಂದಿಗೂ ಇಲ್ಲ. ಮೈಯಲ್ಲಿ ಕಸುವಿರುವಷ್ಟು ಕಾಲ ನೇಗಿಲು ಹಿಡಿದವನು ಕಸುವು ತಗ್ಗಿದ ಮೇಲೆ ಕಣ ಕಾಯುತ್ತಾನೆ, ಹಗ್ಗ ಹೊಸೆಯುತ್ತಾನೆ, ಕರುಗಳಿಗೆ ಹುಲ್ಲು ಹಾಕುತ್ತಾನೆ. ಕೆಲಸವು ಹಗುರಾಗುತ್ತ ಹೋಗುವುದೇ ಹೊರತು ಒಮ್ಮೆಗೇ ನಿಲ್ಲುವುದಿಲ್ಲ. ವಯಸ್ಸಿನ ಗೆರೆ ಎಳೆದದ್ದು ಆಧುನಿಕ ಸರಕಾರ ಮತ್ತು ಕಾರ್ಖಾನೆಗಳ ವ್ಯವಸ್ಥೆ. ಜರ್ಮನಿಯಲ್ಲಿ ಬಿಸ್ಮಾರ್ಕನ ಕಾಲದಲ್ಲಿ, ೧೮೮೯ರಲ್ಲಿ, ವೃದ್ಧಾಪ್ಯ ವಿಮೆಯ ಶಾಸನವಾದಾಗ ಅದಕ್ಕೆ ಗೊತ್ತುಪಡಿಸಿದ ವಯಸ್ಸು ೭೦. ೧೯೧೬ರಲ್ಲಿ ಅದು ೬೫ಕ್ಕೆ ಇಳಿಯಿತು. ಭಾರತದಲ್ಲಿ ಕೇಂದ್ರ ಸರಕಾರದ ನೌಕರರ ನಿವೃತ್ತಿ ವಯಸ್ಸು ೫೫ ಇದ್ದುದು ೧೯೬೨ರಲ್ಲಿ ೫೮ಕ್ಕೂ, ೧೯೯೮ರಲ್ಲಿ ೬೦ಕ್ಕೂ ಏರಿತು. ಕರ್ನಾಟಕ ರಾಜ್ಯದ ನೌಕರರಿಗೆ ೬೦ ಆದುದು ೨೦೦೮ರಲ್ಲಿ. ಪಿಂಚಣಿಯು ಸರಕಾರ ಮನಸ್ಸಿಗೆ ಬಂದಂತೆ ಕೊಡುವ ದಾನವಲ್ಲ, ಸಲ್ಲಿಸಿದ ಸೇವೆಗಾಗಿ ನೌಕರನಿಗೆ ಬರಬೇಕಾದ ಹಕ್ಕು ಎಂದು ಸುಪ್ರೀಂ ಕೋರ್ಟು ೧೯೮೨ರ ಡಿಸೆಂಬರ್ ೧೭ರಂದು ತೀರ್ಪಿತ್ತಿತು. ಆ ದಿನವನ್ನು ಪಿಂಚಣಿದಾರರು ತಮ್ಮ ದಿನವೆಂದು ಆಚರಿಸುತ್ತಾರೆ.

ಇದೇ ಅವಧಿಯಲ್ಲಿ ಇನ್ನೊಂದು ದೊಡ್ಡ ಬದಲಾವಣೆಯೂ ಆಯಿತು. ಸ್ವಾತಂತ್ರ್ಯ ಬಂದ ಕಾಲಕ್ಕೆ ಭಾರತೀಯರ ಸರಾಸರಿ ಆಯುಷ್ಯ ೩೨ ವರ್ಷಗಳ ಆಸುಪಾಸಿನಲ್ಲಿತ್ತು. ಇಂದು ಅದು ೭೦ರಷ್ಟಿದೆ. ಅರವತ್ತನ್ನು ಮುಟ್ಟಿದವರು ಸರಾಸರಿಯಲ್ಲಿ ಇನ್ನೂ ಹದಿನೇಳು ಹದಿನೆಂಟು ವರ್ಷ ಬಾಳುತ್ತಾರೆ. ಮೂವತ್ತೈದು ವರ್ಷ ದುಡಿದವರ ಮುಂದೆ ಆ ದುಡಿಮೆಯ ಅರ್ಧದಷ್ಟು ಕಾಲ ಬಿದ್ದಿರುತ್ತದೆ ಎಂದಾಯಿತು. ಇದನ್ನು ಬಾಳಿನ ಅಂಚೆಂದು ತಳ್ಳಿಹಾಕುವಂತಿಲ್ಲ. ಇದು ಬಾಳಿನದೇ ಒಂದು ಭಾಗ. ಹಾಗಿದ್ದೂ ಮಗಳ ಮದುವೆ, ಮನೆಯ ಸಾಲ, ಗ್ರಾಚ್ಯುಟಿಯ ಲೆಕ್ಕ ಇವುಗಳ ಬಗೆಗೆ ಹತ್ತು ವರ್ಷ ಮೊದಲೇ ಯೋಚಿಸುವವರು, ಆ ಹದಿನೆಂಟು ವರ್ಷಗಳ ಬೆಳಗು ಬೈಗುಗಳ ಬಗೆಗೆ ಒಂದು ದಿನವೂ ಯೋಚಿಸಿರುವುದಿಲ್ಲ.

ಕಳೆದುಹೋಗುವುದು ಏನು?

ನಿವೃತ್ತರನ್ನು ಕೇಳಿದರೆ ಸಾಮಾನ್ಯವಾಗಿ ‘ಹೊತ್ತು ಹೋಗುವುದಿಲ್ಲ’ ಎಂದು ಹೇಳುತ್ತಾರೆ. ಈ ಮಾತನ್ನು ಸ್ವಲ್ಪ ಬಿಡಿಸಿ ನೋಡಬೇಕು. ವೇತನ ಕಡಿಮೆಯಾಗುವುದು, ಅಧಿಕಾರ ಹೋಗುವುದು ಎಲ್ಲರಿಗೂ ಕಾಣುವ ನಷ್ಟಗಳು. ಕಚೇರಿ, ಶಾಲೆ, ಆಸ್ಪತ್ರೆ ಅಥವಾ ಕಾರ್ಖಾನೆ ತನ್ನ ನೌಕರನಿಗೆ ವೇತನದ ಹೊರತಾಗಿ ಮೂರು ವಸ್ತುಗಳನ್ನು ಕೊಡುತ್ತಿರುತ್ತದೆ. ಪುಕ್ಕಟೆಯಾಗಿ ದೊರೆಯುವುದರಿಂದ ಅವು ಇರುವಾಗ ಗಮನಕ್ಕೆ ಬರುವುದಿಲ್ಲ.

ಒಂದನೆಯದು, ಗೊತ್ತಾದ ಹೊತ್ತು. ಹತ್ತು ಗಂಟೆಗೆ ಕುರ್ಚಿಯಲ್ಲಿರಬೇಕೆಂಬ ನಿಯಮವು ಸ್ನಾನ, ಪೂಜೆ, ಊಟಗಳಿಗೂ ತನ್ನಿಂದ ತಾನೇ ಒಂದು ಕ್ರಮವನ್ನು ತರುತ್ತದೆ. ಎರಡನೆಯದು, ಹಾದಿ ನೋಡುವ ಜನ. ಶಿಕ್ಷಕನಿಗಾಗಿ ಮಕ್ಕಳು, ಗುಮಾಸ್ತನಿಗಾಗಿ ಅರ್ಜಿದಾರರು, ದಾದಿಗಾಗಿ ರೋಗಿಗಳು ಕಾಯುತ್ತಾರೆ. ಆತನು ಒಂದು ದಿನ ಬಾರದಿದ್ದರೆ ಯಾರಿಗೋ ತೊಂದರೆಯಾಗುತ್ತದೆ. ತನ್ನ ಇರವಿಗೆ ಬೆಲೆಯಿದೆ ಎಂಬ ನಂಬಿಕೆ ಮನುಷ್ಯನಿಗೆ ಬರುವುದು ಇದರಿಂದಲೇ. ಮೂರನೆಯದು, ನಾಳೆಗೆ ಉಳಿದ ಕೆಲಸ. ಅರ್ಧ ತಿದ್ದಿದ ಉತ್ತರಪತ್ರಿಕೆಗಳು, ಮುಗಿಯದ ಲೆಕ್ಕ, ಕಟ್ಟಬೇಕಾದ ಕಡತ ಇವು ಇಂದನ್ನು ನಾಳೆಗೆ ಹೆಣೆಯುತ್ತವೆ. ನಿವೃತ್ತಿಯಾದ ದಿನ ಈ ಮೂರೂ ಒಟ್ಟಿಗೆ ಕಳಚಿಬೀಳುತ್ತವೆ. ‘ಹೊತ್ತು ಹೋಗುವುದಿಲ್ಲ’ ಎಂಬ ಮಾತಿನ ನಿಜವಾದ ಅರ್ಥ ಇದೇ.

ಆದ್ದರಿಂದ ನಿವೃತ್ತ ಜೀವನದಲ್ಲಿ ಧನ್ಯತೆಯನ್ನು ಕಾಣಬೇಕಾದರೆ ವೇಳೆಯನ್ನು ಹೇಗಾದರೂ ಕಳೆದರೆ ಸಾಲದು. ಕಚೇರಿ ಕೊಡುತ್ತಿದ್ದ ಆ ಮೂರನ್ನು ಮನುಷ್ಯನು ತಾನೇ ನಿರ್ಮಿಸಿಕೊಳ್ಳಬೇಕು. ಹಾಗೆ ನಿರ್ಮಿಸಿಕೊಂಡವರ ಉದಾಹರಣೆಗಳು ಕನ್ನಡ ಸಾಹಿತ್ಯದ ಚರಿತ್ರೆಯಲ್ಲಿಯೇ ದೊರೆಯುತ್ತವೆ. ಅವುಗಳಲ್ಲಿ ಮೂರನ್ನು ಇಲ್ಲಿ ಪರಿಶೀಲಿಸಬಹುದು.

ಮೂವರು ಹಿರಿಯರು

ಆರ್. ನರಸಿಂಹಾಚಾರ್ಯರು ಮೈಸೂರು ಸಂಸ್ಥಾನದ ಪುರಾತತ್ತ್ವ ಇಲಾಖೆಯಲ್ಲಿ ಬಿ. ಎಲ್. ರೈಸ್ ಅವರ ಉತ್ತರಾಧಿಕಾರಿಗಳಾಗಿದ್ದವರು. ರೈಸ್ ಅವರು ಕೂಡ ೧೯೦೬ರಲ್ಲಿ ನಿವೃತ್ತರಾದ ಮೇಲೆ ಲೇಖನಿಯನ್ನು ಕೆಳಗಿಟ್ಟವರಲ್ಲ. ಶಾಸನಗಳ ಆಧಾರದಿಂದ ಮೈಸೂರು ಮತ್ತು ಕೊಡಗುಗಳ ಚರಿತ್ರೆಯನ್ನು ನಿರೂಪಿಸುವ ಅವರ ಗ್ರಂಥ ಹೊರಬಂದುದು ೧೯೦೯ರಲ್ಲಿ. ೧೮೬೦ರಲ್ಲಿ ಜನಿಸಿದ ನರಸಿಂಹಾಚಾರ್ಯರು ಇಲಾಖೆಯಿಂದ ನಿವೃತ್ತರಾದುದು ೧೯೨೨ರಲ್ಲಿ. ‘ಕರ್ಣಾಟಕ ಕವಿಚರಿತೆ’ಯ ಮೊದಲ ಸಂಪುಟ ೧೯೦೭ರಲ್ಲಿಯೂ ಎರಡನೆಯದು ೧೯೧೯ರಲ್ಲಿಯೂ ಅಚ್ಚಾಗಿದ್ದವು. ಮೂರನೆಯದು ಉಳಿದಿತ್ತು. ಅದು ಪ್ರಕಟವಾದುದು ೧೯೨೯ರಲ್ಲಿ, ಅವರಿಗೆ ಸುಮಾರು ಅರವತ್ತೊಂಬತ್ತು ವರ್ಷವಾಗಿದ್ದಾಗ. ಇಂದಿಗೂ ಸಾಹಿತ್ಯದ ವಿದ್ಯಾರ್ಥಿಯು ಅಪರಿಚಿತ ಕವಿಯೊಬ್ಬನ ಕಾಲವನ್ನು ಅರಸುವಾಗ ಮೊದಲು ಕೈ ಚಾಚುವುದು ಈ ಸಂಪುಟಗಳ ಕಡೆಗೇ. ಕಚೇರಿಯ ಕೆಲಸದ ಜೊತೆಜೊತೆಗೇ ತಮ್ಮದೇ ಆದ ಇನ್ನೊಂದು ಕೆಲಸವನ್ನು ಅವರು ಹಿಡಿದುಕೊಂಡು ಬಂದಿದ್ದುದು ಗಮನಾರ್ಹ. ಕಚೇರಿ ನಿಂತಾಗ ಅದು ನಿಲ್ಲಲಿಲ್ಲ; ಅದಕ್ಕೆ ಇನ್ನಷ್ಟು ಅವಕಾಶ ದೊರೆಯಿತು.

ಮಾಸ್ತಿ ವೆಂಕಟೇಶ ಅಯ್ಯಂಗಾರರ ವಿಷಯ ಬೇರೆ. ಅವರದು ಸುಖವಾದ ಬೀಳ್ಕೊಡುಗೆಯಲ್ಲ. ೧೯೧೪ರಲ್ಲಿ ಮೈಸೂರು ಸಿವಿಲ್ ಸರ್ವಿಸ್ ಸೇರಿದ ಅವರು, ಸೇವೆಯಲ್ಲಿ ತಮಗಿಂತ ಕಿರಿಯರೊಬ್ಬರಿಗೆ ಮೇಲಿನ ಸ್ಥಾನ ದೊರೆತುದರಿಂದ ನೊಂದು, ೧೯೪೩ರಲ್ಲಿ ಸೇವೆಯನ್ನು ತಾವಾಗಿ ಬಿಟ್ಟರು. ಆಗ ಅವರಿಗೆ ೫೨ ವರ್ಷ. ಇಂಥ ಸಂದರ್ಭದಲ್ಲಿ ಉಳಿದ ಬಾಳನ್ನೆಲ್ಲ ಆದ ಅನ್ಯಾಯದ ಮೆಲುಕಿನಲ್ಲಿಯೇ ಕಳೆಯುವವರು ಅನೇಕರಿದ್ದಾರೆ. ಮಾಸ್ತಿಯವರಾದರೋ ಮರುವರ್ಷವೇ ‘ಜೀವನ’ ಮಾಸಪತ್ರಿಕೆಯ ಹೊಣೆ ಹೊತ್ತು ೧೯೬೫ರವರೆಗೆ ನಡೆಸಿದರು. ಮಾಸಪತ್ರಿಕೆ ಎಂದಮೇಲೆ ಗೊತ್ತಾದ ದಿನವಿದೆ, ಕಾಯುವ ಓದುಗರಿದ್ದಾರೆ, ಮುಂದಿನ ಸಂಚಿಕೆಯ ಕೆಲಸ ಸದಾ ಉಳಿದಿರುತ್ತದೆ. ಮೇಲೆ ಹೇಳಿದ ಮೂರೂ ಒಂದೇ ಹೊಣೆಯಲ್ಲಿ ಕೂಡಿಬಂದವು. ‘ಚಿಕವೀರ ರಾಜೇಂದ್ರ’ ಕಾದಂಬರಿ ಪ್ರಕಟವಾದುದು ೧೯೫೬ರಲ್ಲಿ, ಅವರ ೬೫ನೆಯ ವಯಸ್ಸಿನಲ್ಲಿ. ಜ್ಞಾನಪೀಠ ಪ್ರಶಸ್ತಿ ಬಂದುದು ೧೯೮೩ರಲ್ಲಿ. ಸೇವೆಯಲ್ಲಿದ್ದುದು ೨೯ ವರ್ಷ. ಅದನ್ನು ಬಿಟ್ಟ ಮೇಲೆ ಬಾಳಿದ್ದು ೪೩ ವರ್ಷ. ಅವರ ದಿನಚರಿಯಲ್ಲಿ ಬರವಣಿಗೆಯೊಂದೇ ಇರಲಿಲ್ಲ ಎಂಬುದನ್ನೂ ಮರೆಯಬಾರದು. ಕೊಡೆ ಹಿಡಿದು ಗವೀಪುರದ ಮನೆಯಿಂದ ಬಸವನಗುಡಿಯ ಕ್ಲಬ್ಬಿಗೆ ಸಂಜೆ ನಡೆದು ಹೋಗಿ, ಗೆಳೆಯರೊಡನೆ ಇಸ್ಪೀಟಾಡಿ ಹಿಂದಿರುಗುವುದು ವೃದ್ಧಾಪ್ಯದಲ್ಲಿಯೂ ಅವರು ತಪ್ಪಿಸದ ರೂಢಿಯಾಗಿತ್ತು. ಆಟಕ್ಕೂ ಗೆಳೆತನಕ್ಕೂ ದಿನದಲ್ಲಿ ಒಂದು ಸ್ಥಾನವಿರಬೇಕೆಂಬುದನ್ನು ಇದು ತೋರಿಸುತ್ತದೆ.

ಮೂರನೆಯವರು ಪ್ರೊ. ಜಿ. ವೆಂಕಟಸುಬ್ಬಯ್ಯನವರು. ೧೯೧೩ರಲ್ಲಿ ಜನಿಸಿದ ಅವರು ೧೯೭೩ರಲ್ಲಿ ಬೆಂಗಳೂರಿನ ವಿಜಯಾ ಕಾಲೇಜಿನಿಂದ ನಿವೃತ್ತರಾದರು. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟಿನ ಎಂಟು ಸಂಪುಟಗಳಲ್ಲಿ ಮೊದಲನೆಯದು ೧೯೭೦ರಲ್ಲಿಯೂ ಕೊನೆಯದು ೧೯೯೫ರಲ್ಲಿಯೂ ಹೊರಬಂದವು. ಆ ಮಹಾಕಾರ್ಯದ ಪ್ರಧಾನ ಸಂಪಾದಕರಾಗಿ ದುಡಿದವರು ಅವರು. ನಿವೃತ್ತಿಯಾಗಿ ಹದಿನೆಂಟು ವರ್ಷ ಕಳೆದ ಮೇಲೆ, ೧೯೯೧ರಲ್ಲಿ, ‘ಪ್ರಜಾವಾಣಿ’ಯಲ್ಲಿ ‘ಇಗೋ ಕನ್ನಡ’ ಅಂಕಣವನ್ನು ಆರಂಭಿಸಿದರು. ಓದುಗರು ಶಬ್ದಗಳ ಬಗೆಗೆ ಪತ್ರ ಬರೆದು ಕೇಳುವರು. ಅವರು ಪ್ರಯೋಗಗಳನ್ನು ತೋರಿಸಿ ಅರ್ಥ ಹೇಳುವರು. ತರಗತಿಯ ವಿದ್ಯಾರ್ಥಿಗಳು ಹೋದ ಮೇಲೆ ನಾಡಿನ ಓದುಗರೇ ಅವರಿಗೆ ವಿದ್ಯಾರ್ಥಿಗಳಾದರು. ೨೦೧೧ರಲ್ಲಿ ಬೆಂಗಳೂರಿನಲ್ಲಿ ನಡೆದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದಾಗ ಅವರಿಗೆ ೯೭ ವರ್ಷ. ೨೦೨೧ರ ಏಪ್ರಿಲ್ ೧೯ರಂದು, ೧೦೭ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅವರ ನಿವೃತ್ತ ಜೀವನದ ಅವಧಿ ೪೮ ವರ್ಷ.

ಈ ಮೂವರಲ್ಲಿ ಒಬ್ಬರು ಮೊದಲಿಂದ ಹಿಡಿದಿದ್ದ ಕೆಲಸವನ್ನು ಮುಂದುವರಿಸಿದರು, ಇನ್ನೊಬ್ಬರು ನೋವಿನಿಂದ ಹೊರಬಂದು ಹೊಸ ಹೊಣೆ ಹೊತ್ತರು, ಮತ್ತೊಬ್ಬರು ಕೇಳಲು ಬಂದವರಿಗೆ ಉತ್ತರ ಕೊಡುತ್ತ ಬಾಳಿದರು. ದಾರಿಗಳು ಬೇರೆಯಾದರೂ ಗೊತ್ತಾದ ಹೊತ್ತು, ಕಾಯುವ ಜನ, ಮುಗಿಯದ ಕೆಲಸ ಮೂವರಲ್ಲಿಯೂ ಸಮಾನ.

ಸಾಮಾನ್ಯರ ಮಾತು

ಇವರು ವಿದ್ವಾಂಸರು, ಸಾಮಾನ್ಯರಿಗೆ ಇದು ಸಾಧ್ಯವೇ ಎಂಬ ಪ್ರಶ್ನೆ ಏಳುವುದು ಸಹಜ. ಉತ್ತರವನ್ನು ಪುಸ್ತಕದಲ್ಲಿ ಹುಡುಕಬೇಕಾಗಿಲ್ಲ. ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತನಾಗಿದ್ದವನಿಗೆ ಪಹಣಿ, ಖಾತೆ ಬದಲಾವಣೆ, ವಂಶವೃಕ್ಷಗಳ ಒಳಹೊರಗು ತಿಳಿದಿರುತ್ತದೆ. ವಿಧವಾ ವೇತನಕ್ಕೋ, ೨೦೦೭ರಲ್ಲಿ ರಾಜ್ಯದಲ್ಲಿ ಆರಂಭವಾದ ಸಂಧ್ಯಾ ಸುರಕ್ಷಾ ಯೋಜನೆಯ ಮಾಸಾಶನಕ್ಕೋ ಅರ್ಜಿ ಹಾಕಲು ಬಂದ ಮುದುಕಿಯು ಯಾವ ಕಾಗದ ಬೇಕೆಂದು ತಿಳಿಯದೆ ಮೂರು ಸಲ ಹಿಂದಿರುಗಿರುತ್ತಾಳೆ. ಗುಮಾಸ್ತನಿಗೆ ಕಾಲು ಗಂಟೆಯ ಕೆಲಸವಾದುದು ಆಕೆಗೆ ತಿಂಗಳ ಅಕ್ಕಿಯ ಪ್ರಶ್ನೆ. ಮಂಗಳವಾರ ಮತ್ತು ಶುಕ್ರವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಊರ ಗ್ರಂಥಾಲಯದ ಜಗಲಿಯಲ್ಲಿ ಇರುತ್ತೇನೆಂದು ಆತನು ಹೇಳಿ, ಹಾಗೆಯೇ ಕುಳಿತರೆ ಸಾಕು. ನಿವೃತ್ತಳಾದ ದಾದಿಯು ಬಾಣಂತಿಗೆ ಹೇಳಬಲ್ಲ ಎರಡು ಮಾತು, ಮಾಸ್ತರನು ಓದಲು ತಡವರಿಸುವ ನಾಲ್ಕು ಮಕ್ಕಳಿಗೆ ಸಂಜೆ ಹೇಳಿಕೊಡುವ ಪಾಠ, ಬ್ಯಾಂಕಿನವನು ಸ್ತ್ರೀಶಕ್ತಿ ಸಂಘದ ಲೆಕ್ಕದ ಪುಸ್ತಕವನ್ನು ತಿದ್ದಿಕೊಡುವುದು ಇವೆಲ್ಲ ಇದೇ ಬಗೆಯವು. ಮೂವತ್ತು ವರ್ಷಗಳ ಅನುಭವವು ಬೀಳ್ಕೊಡುಗೆಯ ದಿನ ಕಚೇರಿಯಲ್ಲಿ ಉಳಿಯುವುದಿಲ್ಲ. ಅದು ಮನುಷ್ಯನೊಡನೆ ಮನೆಗೆ ಬರುತ್ತದೆ.

ಎಲ್ಲರಿಗೂ ಈ ಬಿಡುವು ಇಲ್ಲ ಎಂಬುದನ್ನೂ ಹೇಳಬೇಕು. ಕಾರ್ಖಾನೆ, ಅಂಗಡಿ, ಖಾಸಗಿ ಶಾಲೆಗಳಲ್ಲಿ ದುಡಿದವರಲ್ಲಿ ಅನೇಕರಿಗೆ ದೊರೆಯುವ ಪಿಂಚಣಿ ಅತ್ಯಲ್ಪ. ಕಾರ್ಮಿಕರ ಭವಿಷ್ಯನಿಧಿಯ ಪಿಂಚಣಿ ಯೋಜನೆಯಲ್ಲಿ ೨೦೧೪ರಲ್ಲಿ ಗೊತ್ತುಪಡಿಸಿದ ಕನಿಷ್ಠ ಮೊತ್ತ ತಿಂಗಳಿಗೆ ೧,೦೦೦ ರೂಪಾಯಿ. ಅಂಥವರಿಗೆ ಧನ್ಯತೆಯ ಮಾತಿಗಿಂತ ಮೊದಲು ಔಷಧದ ಮಾತು ಬರುತ್ತದೆ. ಅರವತ್ತಾದ ಮೇಲೂ ಕಾವಲುಗಾರನಾಗಿ ರಾತ್ರಿಯೆಲ್ಲ ಕೂರುವವನಿಗೆ ದಿನಚರಿಯನ್ನು ಹೊಸದಾಗಿ ಕಟ್ಟಿಕೊಳ್ಳಿ ಎಂದು ಉಪದೇಶಿಸುವುದು ಹೃದಯಹೀನತೆಯಾದೀತು. ಬಿಡುವು ದೊರೆತವರು ಅದನ್ನು ಭಾಗ್ಯವೆಂದು ತಿಳಿಯಬೇಕಾದುದು ಈ ಕಾರಣದಿಂದಲೇ.

ಮನೆಯೊಳಗಿನ ಹೊಂದಾಣಿಕೆ

ನಿವೃತ್ತಿಯನ್ನು ಕುರಿತ ಬರಹಗಳಲ್ಲಿ ಹೆಚ್ಚಾಗಿ ಮರೆತುಹೋಗುವ ವ್ಯಕ್ತಿ ಗೃಹಿಣಿ. ಆಕೆಗೆ ನಿವೃತ್ತಿಯಿಲ್ಲ. ಗಂಡನು ಕಚೇರಿಗೆ ಹೋಗುತ್ತಿದ್ದಾಗ ಹತ್ತರಿಂದ ಐದರವರೆಗಿನ ಮನೆ ಆಕೆಯದಾಗಿತ್ತು. ಕೆಲಸ ಮುಗಿಸಿ ಒಂದು ಗಳಿಗೆ ಅಡ್ಡಾಗಲು, ನೆರೆಮನೆಯವರೊಡನೆ ನಾಲ್ಕು ಮಾತಾಡಲು ಆಕೆಗೆ ಅವಕಾಶವಿತ್ತು. ಈಗ ಹಜಾರದಲ್ಲಿ ಒಬ್ಬ ಅಧಿಕಾರಿ ಕುಳಿತಿದ್ದಾನೆ. ಹತ್ತು ಗಂಟೆಗೆ ಕಾಫಿ ಕೇಳುತ್ತಾನೆ. ಡಬ್ಬಿಗಳ ಮೇಲೆ ಹೆಸರಿನ ಚೀಟಿ ಏಕಿಲ್ಲವೆನ್ನುತ್ತಾನೆ. ಕಡತ ತಿದ್ದಿದ ಕೈಯಿಂದ ಅಡಿಗೆಮನೆಯನ್ನು ತಿದ್ದಲು ಹೊರಡುತ್ತಾನೆ. ಇದರಲ್ಲಿ ದುರುದ್ದೇಶವಿಲ್ಲ; ಆಳಲು ಬೇರೆ ಯಾರೂ ಉಳಿದಿಲ್ಲ, ಅಷ್ಟೆ. ಮನೆಯಲ್ಲಿ ಆತನು ಹೊಸಬ ಎಂಬುದನ್ನು ಆತನೇ ಮೊದಲು ಅರಿಯಬೇಕು. ತರಕಾರಿ ತರುವುದು, ಹೂಗಿಡಗಳಿಗೆ ನೀರೆರೆಯುವುದು, ಮೊಮ್ಮಗನನ್ನು ಶಾಲೆಗೆ ಬಿಟ್ಟುಬರುವುದು, ಬೆಳಗಿನ ಕಾಫಿಯನ್ನು ತಾನೇ ಕಾಸಿಕೊಳ್ಳುವುದು, ಇವುಗಳಲ್ಲಿ ಒಂದೆರಡನ್ನು ಪೂರ್ಣವಾಗಿ ತನ್ನ ಹೊಣೆಯೆಂದು ತೆಗೆದುಕೊಂಡರೆ ಮನೆಯಲ್ಲಿ ಆತನಿಗೊಂದು ನಿಜವಾದ ಸ್ಥಾನ ದೊರೆಯುತ್ತದೆ. ನಲವತ್ತು ವರ್ಷ ದುಡಿದ ಆಕೆಗೂ ಅಷ್ಟು ಬಿಡುವು ಸಿಗುತ್ತದೆ. ಉದ್ಯೋಗದಲ್ಲಿದ್ದ ಸ್ತ್ರೀಗೆ ಇನ್ನೊಂದು ಬಗೆಯ ಕಷ್ಟ. ಆಕೆ ನಿವೃತ್ತಳಾದಳೆಂದರೆ ಇನ್ನು ಮನೆಯ ಕೆಲಸವೆಲ್ಲ ಆಕೆಯದೇ ಎಂದು ಮನೆಮಂದಿ ಭಾವಿಸುತ್ತಾರೆ. ಆಕೆಯ ದಿನದಲ್ಲಿಯೂ ಆಕೆಯದೇ ಆದ ಎರಡು ಗಂಟೆ ಉಳಿಯಬೇಕೆಂಬುದನ್ನು ಮನೆಯವರು ಒಪ್ಪಿ ನಡೆಸಿಕೊಡಬೇಕು.

ಕಾಯಕದ ದೃಷ್ಟಿ

ಪ್ರಾಚೀನ ಆಶ್ರಮಧರ್ಮದಲ್ಲಿ ಗೃಹಸ್ಥನು ಮೈ ಸುಕ್ಕುಗಟ್ಟಿ, ತಲೆ ನರೆತು, ಮೊಮ್ಮಗನ ಮುಖ ಕಂಡ ಮೇಲೆ ಕಾಡಿಗೆ ತೆರಳಬೇಕೆಂಬ ವಿಧಿಯಿತ್ತು. ಹನ್ನೆರಡನೆಯ ಶತಮಾನದ ಶರಣರು ಬಾಳನ್ನು ಹೀಗೆ ವಯಸ್ಸಿನಿಂದ ತುಂಡರಿಸಲಿಲ್ಲ. ಅವರ ಕಾಯಕವು ಹೊಟ್ಟೆಪಾಡಿನ ಉದ್ಯೋಗವೂ ಹೌದು, ಪೂಜೆಯೂ ಹೌದು. ಪೂಜೆಗೆ ವಯೋಮಿತಿಯಿಲ್ಲದಿರುವಂತೆ ಕಾಯಕಕ್ಕೂ ಇಲ್ಲ. ಅದರಲ್ಲಿ ಮೇಲಿನ ಹುದ್ದೆ, ಕೆಳಗಿನ ಹುದ್ದೆ ಎಂಬ ಭೇದವೂ ಇಲ್ಲ. ಹುದ್ದೆ ಹೋದರೆ ಉಳಿಯುವುದೇನು ಎಂದು ಕಂಗೆಡುವವರು ಇದನ್ನು ಮನನ ಮಾಡಬೇಕು. ಹುದ್ದೆ ಸರಕಾರದ್ದು, ಅದನ್ನು ಹಿಂದಿರುಗಿಸಬೇಕು. ಕಾಯಕ ತನ್ನದು, ಅದನ್ನು ಕಿತ್ತುಕೊಳ್ಳುವವರಿಲ್ಲ.

ಆದರೆ ಇದರಲ್ಲಿ ಒಂದು ಅಪಾಯವೂ ಉಂಟು. ಕಾಯಕದ ಹೆಸರಿನಲ್ಲಿ ಕಳೆದುಹೋದ ಅಧಿಕಾರವನ್ನೇ ಬೇರೊಂದು ರೂಪದಲ್ಲಿ ಮರಳಿ ಪಡೆಯಲು ಹವಣಿಸುವವರಿದ್ದಾರೆ. ನಿವೃತ್ತರಾದ ವರ್ಷದೊಳಗೆ ನಾಲ್ಕು ಸಂಘಗಳ ಅಧ್ಯಕ್ಷತೆ, ಮೂರು ಸಮಿತಿಗಳ ಕಾರ್ಯದರ್ಶಿತ್ವ, ವೇದಿಕೆಯ ಮೇಲೆ ಮೊದಲ ಸಾಲಿನ ಕುರ್ಚಿ, ಇವುಗಳಿಗಾಗಿ ಓಡಾಡುವುದು ಸೇವೆಯೆನಿಸದು. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಕಥೆ ಇಲ್ಲಿ ದಾರಿ ತೋರುತ್ತದೆ. ಕಲ್ಯಾಣದ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಮಾರಯ್ಯನವರ ಕಾಯಕ. ಒಂದು ದಿನ ಅಗತ್ಯಕ್ಕಿಂತ ಹೆಚ್ಚಾಗಿ ತಂದಾಗ, ಹೆಚ್ಚಿನದನ್ನು ಹಿಂದಕ್ಕೆ ಸುರಿದುಬರುವಂತೆ ಲಕ್ಕಮ್ಮನವರು ಕಳುಹಿಸಿದರು. ಒಳ್ಳೆಯ ಕೆಲಸಕ್ಕೂ ಅಳತೆಯಿರಬೇಕೆಂಬ ತತ್ತ್ವ ಇದರಲ್ಲಡಗಿದೆ. ನಿವೃತ್ತನು ದಿನವನ್ನು ಕಿಕ್ಕಿರಿಸಬೇಕಾಗಿಲ್ಲ. ಒಪ್ಪಿಕೊಂಡ ಒಂದು ಕೆಲಸವನ್ನು ತಪ್ಪದೆ ನಡೆಸಿದರೆ ಸಾಕು. ಉಳಿದ ಹೊತ್ತಿನಲ್ಲಿ ಓದು, ನಡಿಗೆ, ಮಾತು, ಮೌನ ಇವುಗಳಿಗೂ ಎಡೆಯಿರಬೇಕು.

ಮೊದಲ ವರ್ಷ

ಹೊಸ ರೂಢಿ ಒಮ್ಮೆಗೇ ನೆಲೆಗೊಳ್ಳುವುದಿಲ್ಲ. ಮೊದಲ ಕೆಲವು ವಾರಗಳು ರಜೆಯಂತೆ ಕಳೆಯುತ್ತವೆ. ನೆಂಟರ ಮನೆ, ಯಾತ್ರೆ, ಬಹುಕಾಲ ಮುಂದೂಡಿದ ವೈದ್ಯರ ಭೇಟಿ ಇವುಗಳಲ್ಲಿ ದಿನ ಸರಿಯುತ್ತದೆ. ಕಷ್ಟದ ಕಾಲ ಬರುವುದು ಆಮೇಲೆ, ಹಳೆಯ ಕಚೇರಿಗೆ ಒಮ್ಮೆ ಹೋಗಿ ತನ್ನ ಕುರ್ಚಿಯಲ್ಲಿ ಇನ್ನೊಬ್ಬರನ್ನು ಕಂಡು ಬಂದ ಮೇಲೆ. ಆಗ ದೊಡ್ಡ ಸಂಕಲ್ಪಗಳು ಕೈಗೂಡುವುದಿಲ್ಲ. ಏಳುವ ಹೊತ್ತನ್ನು ಬದಲಿಸದಿರುವುದು, ಬೆಳಗಿನ ನಡಿಗೆಗೆ ಒಬ್ಬ ಜೊತೆಗಾರನನ್ನು ಗೊತ್ತುಮಾಡಿಕೊಳ್ಳುವುದು, ವಾರದಲ್ಲಿ ಎರಡು ದಿನ ಯಾರಾದರೂ ತನಗಾಗಿ ಕಾಯುವಂಥ ಒಂದು ಕೆಲಸವನ್ನು ಒಪ್ಪಿಕೊಳ್ಳುವುದು, ಇಷ್ಟರಿಂದ ಆರಂಭಿಸಬಹುದು. ಸೇವೆಯಲ್ಲಿರುವಾಗಲೇ ಇಂಥದೊಂದನ್ನು ಹಿಡಿದಿದ್ದವರಿಗೆ, ನರಸಿಂಹಾಚಾರ್ಯರಿಗೆ ಆದಂತೆ, ದಾರಿ ಇನ್ನೂ ಸುಗಮ. ಆದುದರಿಂದ ನಿವೃತ್ತಿಯ ಸಿದ್ಧತೆ ಐವತ್ತರಲ್ಲಿ ಆಗಬೇಕಾದ ಮಾತು, ಅರವತ್ತರವರೆಗೆ ಕಾಯತಕ್ಕದ್ದಲ್ಲ.

ಪಿಂಚಣಿ ಪಡೆಯುವವರು ಪ್ರತಿವರ್ಷ ನವೆಂಬರಿನಲ್ಲಿ ತಾವು ಜೀವಂತವಿರುವ ಬಗೆಗೆ ಪ್ರಮಾಣಪತ್ರ ಸಲ್ಲಿಸಬೇಕು. ಸರಕಾರಕ್ಕೆ ಅಷ್ಟು ಸಾಕು. ಆದರೆ ಬಾಳಿಗೆ ಅಷ್ಟು ಸಾಲದು. ಗ್ರಂಥಾಲಯದ ಜಗಲಿಯಲ್ಲಿ ಕಾಗದಗಳ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕಾಯುತ್ತಿರುವ ಮುದುಕಿಯು, ಮಂಗಳವಾರ ಹತ್ತು ಗಂಟೆಗೆ ಬರುವೆನೆಂದವರು ಬಂದೇ ಬರುವರೆಂದು ನಂಬಿರುತ್ತಾಳೆ. ಆ ನಂಬಿಕೆಯನ್ನು ಉಳಿಸಿಕೊಂಡವರಿಗೆ ಹೊತ್ತು ಹೋಗದೆಂಬ ಚಿಂತೆಯಿಲ್ಲ. ಅವರ ಹೊತ್ತು ಇನ್ನೊಬ್ಬರಿಗೆ ಸಲ್ಲುತ್ತಿರುತ್ತದೆ. ನಿವೃತ್ತ ಜೀವನದ ಧನ್ಯತೆ ಇರುವುದು ಅದರಲ್ಲಿಯೇ.